ಕಾಲೇಜಿಗೆ ಹೋಗುವ ದಿನಕ್ಕೂ ಸಂಬಳ

ಇಂಗ್ಲೆಂಡಿನಲ್ಲಿರುವ ಕನ್ನಡದ ಮನೆಗಳಲ್ಲಿ ಹದಿನೇಳು ವರ್ಷದ ಮಕ್ಕಳಿದ್ದರೆ ಎಲ್ಲರೂ ಕೇಳುವುದು ಒಂದೇ: ಯಾವ ಯೂನಿವರ್ಸಿಟಿ? ಅಂಥ ಮನೆಯಲ್ಲಿ ಮಗಳು 'ಸಿವಿಲ್‌ನಲ್ಲಿ ಡಿಗ್ರಿ ಅಪ್ರೆಂಟಿಸ್‌ಶಿಪ್ ಮಾಡ್ತೀನಿ' ಅಂದರೆ ಅಪ್ಪ-ಅಮ್ಮನ ಮುಖ ಸಪ್ಪಗಾಗುತ್ತದೆ. ಓದು ಹತ್ತದವರ ದಾರಿ ಅದು ಅಂತ ಒಂದು ಭಾವನೆ ನಮ್ಮವರಲ್ಲಿ ಗಟ್ಟಿಯಾಗಿ ಕೂತಿದೆ. ಮೊನ್ನೆ ಪರಿಚಯದವರೊಬ್ಬರು ಫೋನ್ ಮಾಡಿ, 'ನೀವಾದ್ರೂ ಸ್ವಲ್ಪ ಹೇಳಿ ಸಾರ್, ಇಷ್ಟು ಚೆನ್ನಾಗಿ ಓದೋ ಹುಡುಗಿ ಹೆಲ್ಮೆಟ್ ಹಾಕ್ಕೊಂಡು ಸೈಟಿಗೆ ಹೋಗ್ತಾಳಂತೆ' ಎಂದರು. ನಾನು ಹುಡುಗಿಯ ಪರವಾಗಿಯೇ ಮಾತಾಡಿದೆ. ಫೋನಿನಲ್ಲಿ ಎಲ್ಲ ಹೇಳೋಕೆ ಆಗಲಿಲ್ಲ, ಅದಕ್ಕೇ ಈ ಬರಹ.

ನಾನು ಕರ್ನಾಟಕದಲ್ಲಿ ಬಿ.ಇ. ಸಿವಿಲ್ ಮುಗಿಸಿ ಇಲ್ಲಿಗೆ ಬಂದವನು. ಇಲ್ಲಿನ ಸೈಟುಗಳಲ್ಲಿ ಇಂಥ ಅಪ್ರೆಂಟಿಸ್‌ಗಳ ಜೊತೆ ಕೆಲಸ ಮಾಡುತ್ತೇನೆ. ಇವರಿಗೆ ಸಿಗುತ್ತಿರುವುದು ನನಗೆ ಸಿಕ್ಕಿದ್ದರೆ ಅಂತ ಎಷ್ಟೋ ಸಲ ಅನ್ನಿಸಿದೆ.

ಮೊದಲು ಇದು ಏನು ಅಂತ ಹೇಳಿಬಿಡುತ್ತೇನೆ. ಡಿಗ್ರಿ ಅಪ್ರೆಂಟಿಸ್‌ಶಿಪ್ ಇಂಗ್ಲೆಂಡಿನಲ್ಲಿ ಶುರುವಾಗಿದ್ದು 2015ರಲ್ಲಿ. ಹುಡುಗ ಅಥವಾ ಹುಡುಗಿಯನ್ನು ಒಂದು ಕಂಪನಿ ಕೆಲಸಕ್ಕೆ ಸೇರಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ವಾರದಲ್ಲಿ ನಾಲ್ಕು ದಿನ ಕೆಲಸ, ಒಂದು ದಿನ ಯೂನಿವರ್ಸಿಟಿ. ಆ ಒಂದು ದಿನಕ್ಕೂ ಸಂಬಳ ಇದೆ. ಓದಿಗೆ ಕೆಲಸದ ಸಮಯದಲ್ಲೇ ಬಿಡುವು ಕೊಡಬೇಕು ಅನ್ನುವುದು ನಿಯಮ, ಕಂಪನಿಯ ಔದಾರ್ಯ ಅಲ್ಲ. ಫೀಸನ್ನು ವಿದ್ಯಾರ್ಥಿ ಕಟ್ಟುವ ಹಾಗೇ ಇಲ್ಲ. ವರ್ಷಕ್ಕೆ 30 ಲಕ್ಷ ಪೌಂಡಿಗಿಂತ ಜಾಸ್ತಿ ಸಂಬಳ ಹಂಚುವ ಕಂಪನಿಗಳಿಂದ 2017ರಿಂದ ಶೇ. 0.5ರಷ್ಟು ಲೆವಿ, ಅಂದರೆ ಒಂದು ಬಗೆಯ ತೆರಿಗೆ, ವಸೂಲಿಯಾಗುತ್ತಿದೆ. ಅಪ್ರೆಂಟಿಸ್‌ಗಳ ಕಲಿಕೆಯ ಖರ್ಚು ನಡೆಯುವುದು ಆ ದುಡ್ಡಿನಿಂದ. ಮಾಮೂಲಿ ದಾರಿಯಲ್ಲಿ ಹೋದವರು 2025-26ರಲ್ಲಿ ವರ್ಷಕ್ಕೆ 9,535 ಪೌಂಡ್‌ವರೆಗೆ ಫೀಸು ಕಟ್ಟುತ್ತಾರೆ, ಬಹಳಷ್ಟು ಜನ ಸಾಲ ಮಾಡಿ. ಕೊನೆಗೆ ಇಬ್ಬರಿಗೂ ಸಿಗುವುದು ಡಿಗ್ರಿಯೇ.

ದುಡ್ಡಿನ ಲೆಕ್ಕ ಎಲ್ಲರಿಗೂ ಬೇಗ ಅರ್ಥವಾಗುತ್ತೆ. ಆದರೆ ನಾನು ಹುಡುಗಿಯ ಪರ ನಿಂತಿದ್ದು ಅದಕ್ಕಲ್ಲ.

ಕಳೆದ ಚಳಿಗಾಲ ನಮ್ಮ ಸೈಟಿನಲ್ಲಿ ಅಡಿಪಾಯಕ್ಕೆ ಕಾಂಕ್ರೀಟ್ ಹಾಕುವುದಿತ್ತು. ರೆಡಿಮಿಕ್ಸ್ ಲಾರಿ ಬಂತು. ನಮ್ಮ ತಂಡದ ಅಪ್ರೆಂಟಿಸ್ ಹುಡುಗಿ ಮೊದಲು ಡೆಲಿವರಿ ಚೀಟಿ ಓದಿದಳು, ಆಮೇಲೆ ಹಸಿ ಕಾಂಕ್ರೀಟ್ ಎಷ್ಟು ಕುಸಿಯುತ್ತದೆ ಅಂತ ಅಳೆಯುವ ಸ್ಲಂಪ್ ಟೆಸ್ಟಿಗೆ ಕೂತಳು. 300 ಮಿ.ಮೀ. ಎತ್ತರದ ಕೋನ್. ಮೂರು ಪದರದಲ್ಲಿ ಕಾಂಕ್ರೀಟ್ ತುಂಬಿ, ಒಂದೊಂದು ಪದರಕ್ಕೂ ಸರಳಿನಿಂದ 25 ಸಲ ಕುಟ್ಟಿ, ಮೇಲೆ ಮಟ್ಟ ಮಾಡಿ, ಕೋನನ್ನು ನೆಟ್ಟಗೆ ಮೇಲಕ್ಕೆತ್ತಿದಳು. ಕಾಂಕ್ರೀಟು ಗಂಜಿಯ ಹಾಗೆ ಹರಡಿಕೊಂಡಿತು. ನೀರು ಜಾಸ್ತಿಯಾಗಿತ್ತು. ಗ್ಯಾಂಗಿನವರಿಗೆ ತೆಳ್ಳಗಿದ್ದರೇ ಇಷ್ಟ, ಎಳೆಯೋದು ಸುಲಭ. ಡ್ರೈವರಿಗೆ ತುಂಬಿದ ಲಾರಿ ವಾಪಸ್ ಒಯ್ಯೋದು ಬೇಡ. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಅವಳು ಇನ್ನೊಂದು ಸ್ಯಾಂಪಲ್ ತೆಗೆದು ಮತ್ತೆ ಟೆಸ್ಟ್ ಮಾಡಿದಳು. ಮತ್ತೆ ಹಾಗೇ ಬಂತು. ನನ್ನ ಹತ್ತಿರ ಬಂದು 'ಈ ಲೋಡ್ ಬೇಡ' ಅಂದಳು. ಯಾಕೆ ಅಂದೆ. ನೀರು ಏರಿದಷ್ಟೂ ಬಲ ಹೇಗೆ ಇಳಿಯುತ್ತದೆ ಅಂತ ಅದೇ ವಾರ ಕ್ಲಾಸಿನಲ್ಲಿ ಬಿಡಿಸಿದ್ದ ಗ್ರಾಫನ್ನು ನೋಟ್‌ಬುಕ್ಕಿನಿಂದ ತೆಗೆದು ತೋರಿಸಿದಳು. ಲಾರಿ ವಾಪಸ್ ಹೋಯಿತು.

ಇದೇ ಟೆಸ್ಟನ್ನು ನಾವು ಬಿ.ಇ.ಯಲ್ಲಿ ಇಡೀ ಬ್ಯಾಚು ಸುತ್ತ ನಿಂತು ನೋಡಿದ್ದೆವು. ರೆಕಾರ್ಡ್ ಬರೆದೆವು, ಸಹಿ ಹಾಕಿಸಿಕೊಂಡೆವು. ಅಂಕಿ ಜಾಸ್ತಿ ಬಂದರೆ ಯಾರ ಎದುರು ನಿಂತು ಬೇಡ ಅನ್ನಬೇಕು ಅನ್ನೋದು ಆ ರೆಕಾರ್ಡಿನಲ್ಲಿ ಇರಲಿಲ್ಲ. ಅದನ್ನು ಯಾವ ಲ್ಯಾಬೂ ಕಲಿಸೋಕೆ ಆಗಲ್ಲ. ಹಾಗಂತ ಬರೀ ಸೈಟಿನಲ್ಲಿ ಬೆಳೆದವರಿಗೆ ಆ ಗ್ರಾಫ್ ಸಿಗುವುದಿಲ್ಲ. ಎರಡೂ ಒಂದೇ ವಾರದಲ್ಲಿ ಒಬ್ಬಳ ಕೈಗೆ ಸಿಕ್ಕಿದ್ದು ದೊಡ್ಡ ವಿಷಯ ಅಲ್ವಾ?

ಇನ್ನು ಇದು ಕೀಳು ದಾರಿ ಅನ್ನುವವರಿಗೆ ಒಂದು ಮಾತು. ಲಂಡನ್ನಿನ ಇನ್‌ಸ್ಟಿಟ್ಯೂಷನ್ ಆಫ್ ಸಿವಿಲ್ ಎಂಜಿನಿಯರ್ಸ್ ಹುಟ್ಟಿದ್ದು 1818ರಲ್ಲಿ. ಅದರ ಮೊದಲ ಅಧ್ಯಕ್ಷ ಥಾಮಸ್ ಟೆಲ್ಫರ್ಡ್. ವೇಲ್ಸ್‌ನ ಮೆನಾಯ್ ತೂಗುಸೇತುವೆ ಕಟ್ಟಿದ ಈ ಮನುಷ್ಯ ಕಸುಬು ಕಲಿತಿದ್ದು ಕಲ್ಲುಕೆಲಸದ ಮೇಸ್ತ್ರಿಯ ಕೈಕೆಳಗೆ ಅಪ್ರೆಂಟಿಸ್ ಆಗಿ.

ಕಷ್ಟಗಳೂ ಇವೆ. ಡಿಗ್ರಿ ಮುಗಿಯೋಕೆ ಸುಮಾರು ಐದು ವರ್ಷ ಬೇಕು. ಚಳಿಗಾಲದಲ್ಲಿ ಕತ್ತಲಿರುವಾಗಲೇ ಸೈಟಿಗೆ ಹೊರಡಬೇಕು, ಸಂಜೆ ದಣಿದು ಬಂದು ಅಸೈನ್‌ಮೆಂಟ್ ಬರೆಯಬೇಕು. ಓರಗೆಯವರ ಹಾಸ್ಟೆಲ್ ಜೀವನ ಇವರಿಗಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಓದು ಒಂದು ಕಂಪನಿಗೆ ಕಟ್ಟಿಹಾಕಿದ ಹಾಗಿರುತ್ತದೆ. 2018ರ ಜನವರಿಯಲ್ಲಿ ಕ್ಯಾರಿಲಿಯನ್ ಅನ್ನುವ ದೊಡ್ಡ ಕನ್‌ಸ್ಟ್ರಕ್ಷನ್ ಕಂಪನಿ ಮುಳುಗಿದಾಗ ಸಾವಿರಕ್ಕೂ ಹೆಚ್ಚು ಅಪ್ರೆಂಟಿಸ್‌ಗಳು ಅತಂತ್ರರಾದರು. ಇದನ್ನು ತಿಳಿದೇ ಸೇರಬೇಕು.

ನಮ್ಮೂರಿನ ವಿಷಯಕ್ಕೆ ಬಂದರೆ ನನಗೆ ನಿಜವಾಗಿಯೂ ಸಂಕಟ ಆಗುತ್ತದೆ. ನಮ್ಮಲ್ಲಿ ಕಾನೂನು ಇಲ್ಲ ಅಂತೇನಲ್ಲ. ಅಪ್ರೆಂಟಿಸ್ ಕಾಯ್ದೆ 1961ರದ್ದು, 1973ರಲ್ಲಿ ಎಂಜಿನಿಯರಿಂಗ್ ಪದವೀಧರರನ್ನೂ ಅದಕ್ಕೆ ಸೇರಿಸಿದರು. ಆದರೆ ಅದು ಡಿಗ್ರಿ ಮುಗಿದ ಮೇಲಿನ ಒಂದು ವರ್ಷ. 2019ರಲ್ಲಿ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಸ್ಟೈಪೆಂಡ್ ಅಂತ ಮಾಡಿದರು. ಬೆಂಗಳೂರಿನಲ್ಲಿ ಪಿಜಿ ಬಾಡಿಗೆ ಕಟ್ಟಿದ ಮೇಲೆ ಅದರಲ್ಲಿ ಏನು ಉಳಿಯುತ್ತೆ ಹೇಳಿ. ಓದುವಾಗಿನ ಇಂಟರ್ನ್‌ಶಿಪ್ಪೂ ಕಡ್ಡಾಯವೇ. ಎಷ್ಟೋ ಕಡೆ ಅದು ಸರ್ಟಿಫಿಕೇಟ್ ತಂದುಕೊಟ್ಟರೆ ಮುಗಿಯಿತು. ಕಂಬಿ ಕಟ್ಟುವವರು, ಸೆಂಟ್ರಿಂಗ್‌ನವರು, ಗಾರೆ ಮೇಸ್ತ್ರಿಗಳು ಬೇಕಾದಷ್ಟು ಕಲಿಸಬಲ್ಲರು. ಆದರೆ ನಮ್ಮ ಹುಡುಗರು ಅವರ ಪಕ್ಕದಲ್ಲಿ ಒಂದು ಪೂರ್ತಿ ಚಾವಣಿಗೆ ಕಾಂಕ್ರೀಟ್ ಹಾಕಿ ಮುಗಿಸುವಷ್ಟು ಹೊತ್ತೂ ನಿಲ್ಲದೆ ಎಂಜಿನಿಯರ್ ಆಗಿಬಿಡುತ್ತಾರೆ.

ಇಂಗ್ಲೆಂಡಿನ ವ್ಯವಸ್ಥೆಯನ್ನು ಹಾಗೇ ತಂದು ಇಡಿ ಅಂತ ನಾನು ಹೇಳುತ್ತಿಲ್ಲ. ಎರಡು ಸಾಕು: ಡಿಗ್ರಿ ನಡೆಯುವಾಗಲೇ ಸಂಬಳದ ಸಮೇತ ಸೈಟಿನ ಕೆಲಸ, ಮತ್ತು ಆ ವಿದ್ಯಾರ್ಥಿ ಏನು ಕಲಿತ ಅಂತ ಹೆಸರು ಹಾಕಿ ಉತ್ತರ ಕೊಡುವ ಒಬ್ಬ ಎಂಜಿನಿಯರ್. ಕರ್ನಾಟಕದಲ್ಲಿ ಮೆಟ್ರೊ, ಹೆದ್ದಾರಿ, ಫ್ಲೈಓವರ್ ಅಂತ ಸರ್ಕಾರದ ದುಡ್ಡಿನ ಕೆಲಸಗಳೇ ಎಷ್ಟಿವೆ! ಟೆಂಡರಿನಲ್ಲೇ ಇಷ್ಟು ವಿದ್ಯಾರ್ಥಿಗಳಿಗೆ ಜಾಗ ಕೊಡಬೇಕು ಅಂತ ಒಂದು ಷರತ್ತು ಸೇರಿಸಲಿ.

ಇಲ್ಲಿರುವ ಅಪ್ಪ-ಅಮ್ಮಂದಿರಿಗೆ ಇನ್ನೆರಡು ವಿಷಯ. ಸ್ಟೂಡೆಂಟ್ ವೀಸಾದ ಮೇಲೆ ಊರಿಂದ ಬರುವವರಿಗೆ ಇದು ಸಿಗುವುದಿಲ್ಲ. ಸಾಮಾನ್ಯವಾಗಿ ಮೂರು ವರ್ಷ ಇಲ್ಲೇ ನೆಲೆಸಿರಬೇಕು, ವೀಸಾ ಸ್ಥಿತಿಯೂ ಹೊಂದಬೇಕು. ಅರ್ಜಿ ಹಾಕುವುದು ನೇರ ಕಂಪನಿಗೆ, ಒಂದೊಂದರ ಕೊನೆಯ ದಿನಾಂಕ ಒಂದೊಂದು, ಹಾಗಾಗಿ ನಮ್ಮ ಪಿಯುಸಿಯಂಥ ಎ ಲೆವೆಲ್‌ನ ಕೊನೆಯ ವರ್ಷ ಶುರುವಾದ ಕೂಡಲೇ ಹುಡುಕಲು ಕೂರಿ. ಇಂಟರ್‌ವ್ಯೂನಲ್ಲಿ ಮಕ್ಕಳು ಸಂಬಳದ ಜೊತೆಗೆ ಇದನ್ನೂ ಕೇಳಲಿ: ನನಗೆ ಕಲಿಸುವವರು ಯಾರು, ಕೆಲಸದ ಒತ್ತಡ ಬಂದಾಗ ನನ್ನ ಕಾಲೇಜಿನ ದಿನ ಉಳಿಯುತ್ತಾ, ಸೈಟು ದೂರದ ಊರಿಗೆ ಹೋದರೆ ಇರೋಕೆ ಜಾಗ ಯಾರು ಕೊಡ್ತಾರೆ?