ಲ್ಯಾಮಿಂಗ್ಟನ್ ರಸ್ತೆಯ ಲಿಕ್ವಿಡ್ ಕೂಲಿಂಗ್ ಮ್ಯಾಕ್: ಒಂದು ಸ್ಪಷ್ಟನೆ

ನಮ್ಮ ಮುಂಬೈ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮಾತು ಓಡಾಡುತ್ತಿದೆ: ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಆಪಲ್‌ನ ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರ್ ಪವರ್ ಮ್ಯಾಕ್ ಜಿ5 ಸಿಕ್ಕರೆ ಬಿಡಬೇಡಿ, ಲಿಕ್ವಿಡ್ ಕೂಲಿಂಗ್ (ಪ್ರೊಸೆಸರನ್ನು ದ್ರವದಿಂದ ತಣ್ಣಗಿಡುವ ವ್ಯವಸ್ಥೆ) ಇದೆ, ಬಿಸಿಯಾಗಲ್ಲ, ಮಕ್ಕಳ ಓದಿಗೂ ವಿಡಿಯೊ ಎಡಿಟಿಂಗ್‌ಗೂ ಸಾಕು ಅಂತ. ಇದು ತಪ್ಪು.

ಮೊದಲನೆಯದಾಗಿ, ಎಲ್ಲ ಜಿ5ಗಳಲ್ಲೂ ಲಿಕ್ವಿಡ್ ಕೂಲಿಂಗ್ ಇರಲಿಲ್ಲ. 2004ರ 2.5 ಗಿಗಾಹರ್ಟ್ಸ್, 2005ರ 2.7 ಮತ್ತು ನಾಲ್ಕು ಕೋರ್‌ಗಳ ಕ್ವಾಡ್‌ನಂಥ ಮೇಲಿನ ಮಾದರಿಗಳಲ್ಲಿ ಮಾತ್ರ ಇತ್ತು. ಆ ಕೂಲಿಂಗೇ ಈಗ ದೊಡ್ಡ ತಲೆನೋವು. ಇಪ್ಪತ್ತು ವರ್ಷದ ಸೀಲ್‌ಗಳು ಸೋರುತ್ತವೆ, ದ್ರವ ಪ್ರೊಸೆಸರ್, ಬೋರ್ಡ್, ಕೆಳಗಿರುವ ಪವರ್ ಸಪ್ಲೈವರೆಗೂ ಇಳಿದು ಲೋಹವನ್ನು ತಿನ್ನುತ್ತದೆ, ಹೊರಗಿನಿಂದ ನೋಡಿದರೆ ಎಷ್ಟೋ ಸಲ ಏನೂ ಗೊತ್ತಾಗಲ್ಲ. ಪೆಟ್ಟಿಗೆಯ ತಳದಲ್ಲಿ ಕಲೆ ಅಥವಾ ಅಂಟು ಕಂಡರೆ ಆನ್ ಮಾಡಬೇಡಿ.

ಸಾಫ್ಟ್‌ವೇರ್ ಕಥೆ ಇನ್ನೂ ಕಷ್ಟ. ಆಪಲ್ 2006ರಲ್ಲೇ ಜಿ5 ಥರದ ಪ್ರೊಸೆಸರ್ ಬಿಟ್ಟು ಇಂಟೆಲ್ ಪ್ರೊಸೆಸರ್‌ಗೆ ಹೋಯಿತು, ಹಾಗಾಗಿ ಜಿ5ಗೆ ಬಂದ ಕೊನೆಯ ಓಎಸ್ (ಆಪರೇಟಿಂಗ್ ಸಿಸ್ಟಮ್) 10.5 ಲೆಪರ್ಡ್. ಅದರಲ್ಲಿ ಇವತ್ತಿನ ಕ್ರೋಮ್ ಓಡಲ್ಲ, ಆನ್‌ಲೈನ್ ಕ್ಲಾಸೂ ಇಲ್ಲ.

ಹಳೆಯ ಯಂತ್ರ ಕೂಡಿಡುವ, ಕೂಲಿಂಗ್ ಬಿಚ್ಚಿ ದ್ರವ ಬದಲಿಸುವ ಹುಚ್ಚು ಇದ್ದವರು ಖಂಡಿತ ಕೊಳ್ಳಲಿ, ನಿಜಕ್ಕೂ ಸುಂದರ ಯಂತ್ರ ಅದು. ಮಗುವಿನ ಓದಿಗೆ ಅಂತ ಸುಮ್ನೆ ದುಡ್ಡು ಹಾಕಬೇಡಿ, ಅದರ ಬದಲು ಒಂದು ಸಾಧಾರಣ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ನೋಡಿ.