ಪಟ್ಟಯದ ಅಜ್ಜ, ಡಿಕ್ಲರೇಶನ್ ಅಜ್ಜ

ನಮ್ಮ ಮನೆ ಕೇರಳದ ಕಾಸರಗೋಡಿನ ಪೈವಳಿಕೆಯಲ್ಲಿ, ಅಮ್ಮನ ತವರು ಕರ್ನಾಟಕದ ವಿಟ್ಲದ ಹತ್ತಿರ. ನಡುವೆ ಇರುವುದು ರಾಜ್ಯದ ಗಡಿ ಮಾತ್ರ. ಆಚೆಗೂ ಈಚೆಗೂ ಅದೇ ಅಡಿಕೆ, ಅದೇ ಕಾಳುಮೆಣಸು, ಅದೇ ಕೋಲ. 1956ರ ವರೆಗೆ ಜಿಲ್ಲೆಯೂ ಒಂದೇ. ಹಾಗಾಗಿ ಯಾರಾದರೂ ನನ್ನನ್ನು ‘ಹೊರನಾಡ ಕನ್ನಡಿಗ’ ಅಂದರೆ ನಗು ಬರುತ್ತದೆ. ನಾವು ಎಲ್ಲಿಗೂ ಹೊರಟವರಲ್ಲ.

ನನ್ನ ಇಬ್ಬರು ಅಜ್ಜಂದಿರೂ ಗೇಣಿ ಒಕ್ಕಲು. ಅಕ್ಕಿ ಮುಡಿ ಕಟ್ಟಿ ಧಣಿಗಳ ಮನೆಗೆ ಹೊತ್ತವರು. ಕೇರಳದಲ್ಲಿ 1970ರ ಜನವರಿ 1ಕ್ಕೆ ಗೇಣಿ ಪದ್ಧತಿಯೇ ಹೋಯಿತು, ಪೈವಳಿಕೆ ಅಜ್ಜನಿಗೆ ಪಟ್ಟಯ, ಅಂದರೆ ಭೂಮಿಯ ಹಕ್ಕುಪತ್ರ, ಸಿಕ್ಕಿತು. ವಿಟ್ಲದ ಅಜ್ಜ 1974ರ ಭೂಸುಧಾರಣೆ ತಿದ್ದುಪಡಿ ಬಂದ ಮೇಲೆ, ದೇವರಾಜ ಅರಸರ ಕಾಲದಲ್ಲಿ, ಡಿಕ್ಲರೇಶನ್ (ಗೇಣಿ ಭೂಮಿ ತನಗೆ ಬೇಕೆಂಬ ಅರ್ಜಿ) ಹಾಕಿ ಭೂಮಿ ಮಾಡಿಕೊಂಡರು. ಪಟ್ಟಯದ ಕಾಗದ ಈಗಲೂ ನಮ್ಮ ಕಬ್ಬಿಣದ ಪೆಟ್ಟಿಗೆಯಲ್ಲಿ ಉಂಟು. ಮಡಚಿದಲ್ಲೆಲ್ಲ ಹರಿದಿದೆ, ನುಸಿಗುಳಿಗೆಯ ವಾಸನೆ.

ಇಲ್ಲಿ ಭೂಮಿ ಕೊಟ್ಟದ್ದು ಕಮ್ಯುನಿಸ್ಟರು, ಅಲ್ಲಿ ಕಾಂಗ್ರೆಸ್. ಅಜ್ಜಂದಿರು ಸಾಯುವವರೆಗೆ ಕೊಟ್ಟವರಿಗೇ ವೋಟು ಹಾಕಿದರು. ಆಮೇಲೆ? ನಮ್ಮ ವಿಧಾನಸಭಾ ಕ್ಷೇತ್ರ ಮಂಜೇಶ್ವರದಲ್ಲಿ 1980 ಮತ್ತು 1982ರಲ್ಲಿ ಗೆದ್ದವರು ಸಿಪಿಐನ ಡಾ. ಸುಬ್ಬರಾವ್. 1987ರಿಂದ ಸೀಟು ಮುಸ್ಲಿಂ ಲೀಗಿಗೆ, 2006ರಲ್ಲಿ ಒಮ್ಮೆ ಸಿಪಿಎಂ ಕಸಿದುಕೊಂಡದ್ದು ಬಿಟ್ಟರೆ. ಈಗ ಲೀಗಿಗೂ ಬಿಜೆಪಿಗೂ ಹಣಾಹಣಿ. 2016ರಲ್ಲಿ ಅಂತರ ಬರೀ 89 ವೋಟು. ಅತ್ತ ಮಂಗಳೂರಿನ ಲೋಕಸಭಾ ಸೀಟು 1991ರಲ್ಲಿ ಬಿಜೆಪಿಗೆ ಹೋದದ್ದು ಕಾಂಗ್ರೆಸ್ಸಿಗೆ ವಾಪಸು ಬರಲೇ ಇಲ್ಲ. ಭೂಮಿ ಕೊಟ್ಟವರು ಎರಡೂ ಕಡೆ ಸೋತರು.

ಧರ್ಮದ ರಾಜಕಾರಣ ಅಂತ ಒಂದೇ ಮಾತಿನಲ್ಲಿ ಮುಗಿಸುವವರು ಇದ್ದಾರೆ. ಅದು ಸುಳ್ಳಲ್ಲ. ಆದರೆ ಧರ್ಮಕ್ಕೆ ಜಾಗ ಖಾಲಿಯಾದದ್ದು ಹೇಗೆ? ಒಕ್ಕಲಿಗೆ ಧಣಿಯ ಮೇಲೆ ಸಿಟ್ಟಿತ್ತು, ಆ ಸಿಟ್ಟಿಗೊಂದು ಪಕ್ಷವಿತ್ತು. ಭೂಮಿ ಕೈಗೆ ಬಂದದ್ದೇ ಒಕ್ಕಲೇ ಯಜಮಾನನಾದ. ಅಪ್ಪ ಧಣಿಯ ಹೆಸರೆತ್ತಿದ್ದನ್ನು ನಾನು ಕೇಳಿಲ್ಲ. ಅವರ ತಲೆಬಿಸಿ ಎಲ್ಲ ಚಾಲಿಯ (ಒಣಗಿಸಿ ಸುಲಿದ ಅಡಿಕೆಯ) ರೇಟು, ಆಳುಗಳ ಸಂಬಳ, ದುಬೈಯಲ್ಲಿದ್ದ ಚಿಕ್ಕಪ್ಪನ ವೀಸಾ. ಸಂಬಳ ಜಾಸ್ತಿ ಕೇಳುವ ಕೆಂಪು ಬಾವುಟ ಈಗ ಅವರಿಗೇ ಎದುರು! ಅದೇ ಬಾವುಟ ಅವರ ಅಪ್ಪನಿಗೆ ಪಟ್ಟಯ ಕೊಡಿಸಿತ್ತು.

ಪಡೆದವರೇ ಕೊಟ್ಟವರಿಗೆ ಎದುರಾಗುವ ಇಂಥದ್ದು ದೂರದ ದೇಶಗಳಲ್ಲೂ ನಡೆದಿದೆ. ದಕ್ಷಿಣ ಕೊರಿಯಾದ ಪಾರ್ಕ್ ಚುಂಗ್ ಹೀ ಬಾಯಿ ಮುಚ್ಚಿಸಿ ಕಾರ್ಖಾನೆ ಕಟ್ಟಿಸಿದರು. ಆ ಬೆಳವಣಿಗೆಯಲ್ಲಿ ಕಾಲೇಜು ಕಂಡ ಮಕ್ಕಳೇ 1987ರಲ್ಲಿ ಬೀದಿಗಿಳಿದು ನೇರ ಚುನಾವಣೆ ತಂದರು. ಕೊಡುವುದು ನಿಂತರೂ ಅಷ್ಟೇ: ಇಂಡೋನೇಷ್ಯಾದ ಸುಹಾರ್ತೊ ಮೂವತ್ತು ವರ್ಷ ಗಟ್ಟಿಯಾಗಿ ಕೂತಿದ್ದರು. 1997ರಲ್ಲಿ ಅಲ್ಲಿನ ಹಣ ರುಪಿಯಾ ಕುಸಿಯಿತು, ಮರುವರ್ಷ ಅವರೂ ಇಳಿದರು.

ಈಗ ಕೊಡುವ ರೀತಿಯೂ ಬೇರೆ. ಇಲ್ಲಿ ಸಹಕಾರಿ ಸಂಘದ ಹುಡುಗ ಮನೆಗೇ ಬಂದು, ಜಗಲಿಯಲ್ಲಿ ಕೂತು, ದೊಡ್ಡಮ್ಮನ ಕೈಗೆ ಪೆನ್ಶನ್ ಎಣಿಸಿ ಕೊಡುತ್ತಾನೆ. 2021ರಲ್ಲಿ ಅದು 1600 ಆಗಿತ್ತು; ಆ ವರ್ಷ ಎಡರಂಗ ಮತ್ತೆ ಗೆದ್ದದ್ದರಲ್ಲಿ ಅದರ ಪಾಲೂ ಉಂಟು ಅಂತ ನನ್ನ ಲೆಕ್ಕ. ವಿಟ್ಲದ ಅತ್ತೆಗೆ ಗೃಹಲಕ್ಷ್ಮಿಯ 2000 ಬ್ಯಾಂಕಿಗೆ ಬೀಳುತ್ತದೆ. ಅವರು ಈಗಲೂ ‘ಕೊಟ್ರು’ ಅನ್ನುತ್ತಾರೆ. ದೊಡ್ಡಮ್ಮ ಮಾತ್ರ ತಡವಾದರೆ ‘ನಂಗೆ ಎಷ್ಟು ತಿಂಗಳದ್ದು ಬಾಕಿ?’ ಅಂತ ಹುಡುಗನನ್ನೇ ಗದರಿಸುತ್ತಾರೆ. ಸಾಲ ವಸೂಲಿಗೆ ಬಂದವರ ಹಾಗೆ! ನನಗೆ ದೊಡ್ಡಮ್ಮನ ರೀತಿಯೇ ಇಷ್ಟ.

ಕಳೆದ ಸಲ ವಿಟ್ಲಕ್ಕೆ ಹೋದಾಗ ಮಾವ ಅಂಗಳದಲ್ಲಿ ಅಡಿಕೆ ಹರಗುತ್ತಿದ್ದರು. ವಿದೇಶಿ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ದೆಹಲಿ 2023ರಲ್ಲಿ ಕಿಲೋಗೆ 251ರಿಂದ 351ಕ್ಕೆ ಏರಿಸಿದ್ದು ಅವರಿಗೆ ಬಾಯಿಪಾಠ.

‘ಯಾರಿಗೆ ಮಾವ ಈ ಸಲ ವೋಟು?’ ಅಂದೆ.

‘ರೇಟು ನೋಡುವ,’ ಅಂದರು, ತಲೆ ಎತ್ತದೆ.