ಸ್ಪಷ್ಟನೆ: 4ಜಿ ಫೋನ್ ಬಂದ್ ಆಗುವುದಿಲ್ಲ

"ಮುಂದಿನ ತಿಂಗಳಿಂದ 4ಜಿ ಫೋನ್ ಕೆಲಸ ಮಾಡುವುದಿಲ್ಲ, ಈಗಲೇ 5ಜಿ ಫೋನ್ ತಗೊಳ್ಳಿ" ಎಂಬ ಮೆಸೇಜ್ ಜಯನಗರದ ನಮ್ಮ ವಾಕಿಂಗ್ ಗುಂಪಿನಲ್ಲಿ ಓಡಾಡುತ್ತಿದೆ. ಭಾನುವಾರ ಅದನ್ನು ಹಾಕಿದವನು ನಾನೇ. ಅದು ತಪ್ಪು. ವಿಚಾರಿಸದೆ ಕಳಿಸಿದ್ದಕ್ಕೆ ಕ್ಷಮಿಸಿ.

ಬೆಂಗಳೂರಿಗೆ 5ಜಿ ಬಂದದ್ದು 2022ರ ಅಕ್ಟೋಬರ್‌ನಲ್ಲಿ. 4ಜಿ ಅದರ ಜೊತೆಗೇ ನಡೆಯುತ್ತಿದೆ. ಏರ್‌ಟೆಲ್ ಆಗ ಶುರು ಮಾಡಿದ 5ಜಿ ನಿಂತಿದ್ದೇ 4ಜಿ ಜಾಲದ ಮೇಲೆ. ಬಿಎಸ್‌ಎನ್‌ಎಲ್ ಅಂತೂ ತನ್ನ ಸ್ವದೇಶಿ 4ಜಿ ಶುರು ಮಾಡಿದ್ದು 2025ರ ಸೆಪ್ಟೆಂಬರ್‌ನಲ್ಲಿ, ಸುಮಾರು 97,500 ಟವರ್‌ಗಳೊಂದಿಗೆ. ಮುಚ್ಚಿಬಿಡುವ ಜಾಲಕ್ಕೆ ಇಷ್ಟು ಟವರ್ ಯಾರೂ ಹಾಕುವುದಿಲ್ಲ, ಅಲ್ವಾ?

ಹಾಗಾದರೆ ಫೋನ್ ಬದಲಿಸುವುದು ಯಾವಾಗ? ನನಗೆ ಮುಖ್ಯ ಅನಿಸುವುದು ಸೆಕ್ಯುರಿಟಿ ಅಪ್‌ಡೇಟ್, ಅಂದರೆ ಫೋನಿನ ಸುರಕ್ಷತೆಯ ಲೋಪಗಳನ್ನು ಸರಿಪಡಿಸಲು ಕಂಪನಿ ಕಳಿಸುವ ಅಪ್‌ಡೇಟ್. ಸೆಟ್ಟಿಂಗ್ಸ್‌ನಲ್ಲಿ ಅದು ಕೊನೆಯ ಸಲ ಬಂದ ದಿನಾಂಕ ನೋಡಿ. ವರ್ಷ ಕಳೆದರೂ ಹೊಸದು ಬಂದಿಲ್ಲವೆಂದರೆ, ಅದೇ ಫೋನಿನಲ್ಲಿ ಬ್ಯಾಂಕ್, ಯುಪಿಐ ನಡೆಸುವವರು ಬದಲಿಸುವುದು ಒಳ್ಳೆಯದು. ಹೊಸ ಫೋನ್ ಕೊಳ್ಳುವಾಗಲೂ ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತಾರೆ ಎಂದು ಕೇಳಿ. ಗೂಗಲ್ ಪಿಕ್ಸೆಲ್ 8, ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್24 ಫೋನುಗಳಿಗೆ ಕಂಪನಿಗಳು 7 ವರ್ಷ ಹೇಳಿವೆ. ಕಡಿಮೆ ಬೆಲೆಯ ಎಷ್ಟೋ ಫೋನುಗಳಿಗೆ ಅಷ್ಟು ಸಿಗುವುದಿಲ್ಲ. ಚಾರ್ಜ್ ಬೇಗ ಇಳಿಯುವುದೊಂದೇ ತೊಂದರೆಯಾದರೆ ಬ್ಯಾಟರಿ ಬದಲಿಸಿದರೆ ಸಾಕು, ಸುಮ್ನೆ ಜಾಸ್ತಿ ಖರ್ಚು ಬೇಡ.

ಗುಂಪಿನ ಹಿರಿಯರೊಬ್ಬರು ಪಿಂಚಣಿ ದುಡ್ಡಲ್ಲಿ ಹೊಸ ಫೋನ್ ತರಲು ಹೊರಟಿದ್ದರು ಎಂದು ಗೊತ್ತಾಗಿ ತುಂಬಾ ಬೇಜಾರಾಯಿತು. ದಯವಿಟ್ಟು ಆ ಮೆಸೇಜ್ ಯಾರಿಗೂ ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅಲ್ಲಿಗೆ ಇದನ್ನೂ ಹಾಕಿ.